ಆಹಾರ ಮೇಳಕ್ಕೆ ದೇಶವಿದೇಶದ ಆಲೂಗಡ್ಡೆ ತಿಂಡಿ: ಯಾವುದು ಮಾಡಬಹುದು, ಬೋರ್ಡ್ ಮೇಲೆ ಯಾವ ಹೆಸರು?

ವಿದ್ಯಾನಗರ_ದಾವಣಗೆರೆ:

ನವೆಂಬರ್ ಕೊನೆ ವಾರ ದಾವಣಗೆರೆಯಲ್ಲಿ ನಮ್ಮ ಕಾಲೇಜಿನ ಆಹಾರ ಮೇಳ ಇದೆ. ನಮ್ಮ ಮಳಿಗೆಗೆ ಬಂದಿರೋ ವಿಷಯ ಆಲೂಗಡ್ಡೆ. ಬೇರೆ ಬೇರೆ ದೇಶದ ನಾಲ್ಕು ತಿಂಡಿ ಮಾಡಬೇಕು, ಆಯಾ ದೇಶದವರು ಕರೆಯೋ ಹೆಸರನ್ನೇ ಬೋರ್ಡ್ ಮೇಲೆ ಬರೀಬೇಕು. ಪೂರ್ತಿ ಸಸ್ಯಾಹಾರ, ಮೊಟ್ಟೆಯೂ ಇಲ್ಲ. ಇರೋದು ಎರಡು ದೊಡ್ಡ ಗ್ಯಾಸ್ ಒಲೆ, ಅರ್ಧಕ್ಕೆ ತುಂಬಿದರೆ ಐದು ಲೀಟರ್ ಎಣ್ಣೆ ಹಿಡಿಯೋ ಬಾಂಡ್ಲಿ ಒಂದು, ದೊಡ್ಡ ದೋಸೆ ಹಂಚು ಒಂದು. 50 ಕೆಜಿಯ ಒಂದು ಚೀಲ ಆಲೂಗಡ್ಡೆಯಲ್ಲಿ 300 ಪ್ಲೇಟ್ ಆಗಬೇಕು ಅನ್ನೋದು ಲೆಕ್ಕ.

ಕೇಳಬೇಕಾಗಿರೋದು ಇಷ್ಟು. ಇಂಟರ್‌ನೆಟ್‌ನಲ್ಲಿ 'ಚಿಪ್ಸ್' ಅಂತ ಹುಡುಕಿದರೆ ಒಬ್ಬರು ಬೆರಳಷ್ಟು ದಪ್ಪ ಹೆಚ್ಚಿ ಅಂತಾರೆ, ಇನ್ನೊಬ್ಬರು ಹಪ್ಪಳದ ಹಾಗೆ ತೆಳ್ಳಗೆ ಅಂತಾರೆ. ಯಾವುದು ಯಾವ ದೇಶದ್ದು? ಎರಡನೆಯದು, ಈಗ ಅಂಗಡಿಯಲ್ಲಿ ಸಿಗ್ತಿರೋ ಆಲೂಗಡ್ಡೆಯಲ್ಲಿ ಫಿಂಗರ್ ಚಿಪ್ಸ್ ಮಾಡಿದರೆ ಹೊರಗೆ ಬೇಗ ಕಂದು ಬಣ್ಣ ಬರುತ್ತೆ, ಐದೇ ನಿಮಿಷಕ್ಕೆ ಮೆತ್ತಗಾಗುತ್ತೆ. ಮೂರನೆಯದು, ಕ್ರೋಕೆಟ್ ಥರದ್ದು (ಹಿಸುಕಿದ ಆಲೂಗಡ್ಡೆಗೆ ಹೊದಿಕೆ ಕೊಟ್ಟು ಕರಿಯೋದು) ಎಣ್ಣೆಯಲ್ಲಿ ಒಡೆದು ಹೂರಣ ಹೊರಗೆ ಬರುತ್ತೆ. ಮೊಟ್ಟೆ ಇಲ್ಲದೆ ಇದಕ್ಕೆ ದಾರಿ ಇದೆಯಾ?

ಹಿಟ್ಟು_ನೀರು:

ಮೊದಲು ಹೆಸರಿನ ವಿಚಾರ. ಇದು ಬಗೆಹರಿಯದೆ ಅಳತೆ, ಉರಿ ಯಾವುದೂ ಸರಿಹೋಗುವುದಿಲ್ಲ.

ಬ್ರಿಟನ್‌ನಲ್ಲಿ ಚಿಪ್ಸ್ ಅಂದರೆ ಬಿಸಿಬಿಸಿ ದಪ್ಪ ತುಂಡು, ನಮ್ಮ ಫಿಂಗರ್ ಚಿಪ್ಸ್‌ಗಿಂತ ತುಸು ದಪ್ಪ. ಪೊಟ್ಟಣದ ತೆಳು ಬಿಲ್ಲೆಗೆ ಅಲ್ಲಿ ಕ್ರಿಸ್ಪ್ಸ್ ಅನ್ನುತ್ತಾರೆ. ಅಮೆರಿಕದಲ್ಲಿ ತೆಳು ಬಿಲ್ಲೆಯೇ ಚಿಪ್ಸ್, ಉದ್ದ ತುಂಡು ಫ್ರೈಸ್. ಆಸ್ಟ್ರೇಲಿಯಾ, ನ್ಯೂಜಿಲೆಂಡಿನವರು ಎರಡಕ್ಕೂ ಚಿಪ್ಸ್ ಅಂದು, ಬೇರೆ ಮಾಡಿ ಹೇಳಬೇಕಾದಾಗ ಬಿಸಿಯದ್ದಕ್ಕೆ ಹಾಟ್ ಚಿಪ್ಸ್ ಅನ್ನುತ್ತಾರೆ. ಫ್ರಾನ್ಸ್ ಮತ್ತು ಬೆಲ್ಜಿಯಂನ ಫ್ರೆಂಚ್ ಮಾತಿನವರಿಗೆ ಈ ಬಿಸಿ ಉದ್ದ ತುಂಡು ಫ್ರಿತ್. ಬೆಲ್ಜಿಯಂನ ಡಚ್ ಮಾತಿನವರಿಗೂ ನೆದರ್ಲೆಂಡ್ಸ್‌ನ ದಕ್ಷಿಣದವರಿಗೂ ಫ್ರೀಟ್. ನೆದರ್ಲೆಂಡ್ಸ್‌ನ ಉತ್ತರಕ್ಕೆ ಹೋದರೆ ಪಟಾಟ್. ಜರ್ಮನಿಯಲ್ಲಿ ಪೊಮೆಸ್. ಜಪಾನಿನಲ್ಲಿ ಫುರೈದೊ ಪೊತೆತೊ. ಸ್ಪೇನ್‌ನಲ್ಲಿ ಪತಾತಾಸ್ ಫ್ರೀತಾಸ್, ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷ್ ದೇಶಗಳಲ್ಲಿ ಪಾಪಾಸ್ ಫ್ರೀತಾಸ್. ಗಡ್ಡೆಯ ಮೂಲ ನೆಲವಾದ ಆಂಡಿಸ್ ಬೆಟ್ಟಸಾಲಿನ ಕೆಚುವಾ ಭಾಷೆಯಲ್ಲೇ ಅದು 'ಪಾಪ'. ದಕ್ಷಿಣ ಆಫ್ರಿಕಾದ ಸ್ಲಾಪ್ ಚಿಪ್ಸ್ ಬಗ್ಗೆ ಜಾಗ್ರತೆ: ಆಫ್ರಿಕಾನ್ಸ್ ಭಾಷೆಯಲ್ಲಿ ಸ್ಲಾಪ್ ಅಂದರೆ ಮೆತ್ತಗಿನ ಎಂದೇ ಅರ್ಥ. ದಪ್ಪಗೆ ಹೆಚ್ಚಿ, ಮೆತ್ತಗೆ ಕರಿದು, ಮೇಲೆ ವಿನೆಗರ್ ಸುರಿಯುತ್ತಾರೆ. ಆ ವಿಧಾನ ಹಿಡಿದು ಗರಿಗರಿ ಬರಲಿಲ್ಲ ಎಂದರೆ ತಪ್ಪು ಆಲೂಗಡ್ಡೆಯದ್ದಲ್ಲ.

ಆದ್ದರಿಂದ ಯಾವುದೇ ವಿಧಾನ ಓದುವಾಗ ಹೆಸರು ಬಿಟ್ಟು ದಪ್ಪ ನೋಡಿ. 10ರಿಂದ 12 ಮಿ.ಮೀ. ಎಂದಿದ್ದರೆ ಅದು ಫ್ರಿತ್, ಫ್ರೈಸ್ ಜಾತಿ. ಬ್ರಿಟಿಷ್ ಚಿಪ್ಸ್ 15 ಮಿ.ಮೀ. ತನಕ ಹೋಗುತ್ತದೆ. 1.2ರಿಂದ 1.5 ಮಿ.ಮೀ. ಎಂದಿದ್ದರೆ ನಮ್ಮ ಬೇಕರಿ ಚಿಪ್ಸ್. ಬೇಕರಿ ಚಿಪ್ಸನ್ನು ಮೇಳಕ್ಕೆ ಇಟ್ಟುಕೊಳ್ಳಬೇಡಿ. ಆಲೂಗಡ್ಡೆಯ ತೂಕದಲ್ಲಿ ನೂರಕ್ಕೆ 80ರ ಆಸುಪಾಸು ನೀರು. ಅದೆಲ್ಲ ಆವಿಯಾಗಿ ಹೋದಮೇಲೆ 4 ಕೆಜಿ ಗಡ್ಡೆಗೆ 1 ಕೆಜಿ ಚಿಪ್ಸ್ ಕೈಗೆ ಬರುತ್ತದೆ.

ಇನ್ನು ಕಂದು ಬಣ್ಣ. ನವೆಂಬರ್‌ನಲ್ಲಿ ಮಂಡಿಗೆ ಎರಡು ಬಗೆಯ ಮಾಲು ಬರುತ್ತದೆ. ಒಂದು ಉತ್ತರ ಭಾರತದ್ದು: ಜನವರಿಯಿಂದ ಮಾರ್ಚ್ ಒಳಗೆ ಕಿತ್ತು 2ರಿಂದ 4 ಡಿಗ್ರಿಯ ಶೀತಗೃಹದಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದು. ಆ ಚಳಿಯಲ್ಲಿ ಗಡ್ಡೆಯೊಳಗಿನ ಪಿಷ್ಟ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಸಕ್ಕರೆಗಳಾಗುತ್ತವೆ. ಬಿಸಿ ಎಣ್ಣೆಯಲ್ಲಿ ಈ ಸಕ್ಕರೆ ಅಮೈನೋ ಆಮ್ಲಗಳ ಜೊತೆ ಸೇರಿ ಕಂದಾಗುತ್ತದೆ, ಒಳಗಿನ ನೀರು ಹೋಗುವ ಮೊದಲೇ ಹೊರಗೆ ಬಣ್ಣ ಬಂದುಬಿಡುತ್ತದೆ. ಬಣ್ಣ ನೋಡಿ ನೀವು ಬೇಗ ತೆಗೆಯುತ್ತೀರಿ, ಒಳಗೆ ಉಳಿದ ನೀರು ಹೊರಬಂದು ಮೆತ್ತಗಾಗುತ್ತದೆ. ನಿಮ್ಮ ಎರಡು ತೊಂದರೆಗೂ ಕಾರಣ ಒಂದೇ. ಹೀಗೆ ಕಡುಕಂದಾದ ತುಂಡಿನಲ್ಲಿ ಅಕ್ರಿಲಮೈಡ್ ಎಂಬ, ದೇಹಕ್ಕೆ ಒಳ್ಳೆಯದಲ್ಲದ ರಾಸಾಯನಿಕ ಕೂಡ ಜಾಸ್ತಿ. ಹೊನ್ನಿನ ಬಣ್ಣಕ್ಕೇ ನಿಲ್ಲಿಸಬೇಕು ಅನ್ನುವುದು ಅದಕ್ಕೆ.

ಇನ್ನೊಂದು ಹಾಸನ ಕಡೆಯ ಮಳೆಗಾಲದ ಬೆಳೆ. ಹೆಚ್ಚಾಗಿ ಕುಫ್ರಿ ಜ್ಯೋತಿ ತಳಿ. ಹೊಸದಾಗಿ ಕಿತ್ತದ್ದಾದ್ದರಿಂದ ಶೀತಗೃಹದ ಸಿಹಿ ಇರುವುದಿಲ್ಲ, ಆದರೆ ನೀರಿನಂಶ ಜಾಸ್ತಿ. ಪಲ್ಯ, ಸಾಂಬಾರಿಗೆ ಒಳ್ಳೆಯದು, ಕರಿಯಲು ಸಾಧಾರಣ. ಕರಿಯುವುದಕ್ಕೇ ಎಂದು ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಬಿಟ್ಟ ತಳಿಗಳು ಚಿಪ್ಸೋನಾ ಮತ್ತು ಫ್ರೈಸೋನಾ. ಮಂಡಿಯಲ್ಲಿ 'ಚಿಪ್ಸೋನಾ ಇದೆಯಾ' ಎಂದು ಕೇಳಿ, ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಸಿಗದಿದ್ದರೆ ಚೀಲವನ್ನು ಮೇಳಕ್ಕೆ ಎರಡು ಮೂರು ವಾರ ಮುಂಚೆ ತಂದು ಗೋಣಿಯಲ್ಲೇ, ಕತ್ತಲೆ ಕೋಣೆಯಲ್ಲಿ, ಗಾಳಿ ಆಡುವಂತೆ ಇಡಿ. 15ರಿಂದ 20 ಡಿಗ್ರಿ ಸಿಕ್ಕರೆ ಒಳ್ಳೆಯದು. ದಾವಣಗೆರೆಯ ನವೆಂಬರ್ ಸೆಖೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಇದ್ದರೂ ಕೆಲಸ ಆಗುತ್ತದೆ, ನಡುವೆ ಮೊಳಕೆ ಮಾತ್ರ ನೋಡಿಕೊಳ್ಳಿ. ಸೇರಿಕೊಂಡ ಸಕ್ಕರೆಯಲ್ಲಿ ಒಂದಷ್ಟು ಗಡ್ಡೆಯ ಉಸಿರಾಟಕ್ಕೆ ಖರ್ಚಾಗಿ, ಒಂದಷ್ಟು ಮತ್ತೆ ಪಿಷ್ಟವಾಗುತ್ತದೆ. ಫ್ರಿಜ್ ಬೇಡವೇ ಬೇಡ. ಈರುಳ್ಳಿ ಚೀಲದ ಪಕ್ಕವೂ ಬೇಡ, ಎರಡೂ ಬೇಗ ಕೆಡುತ್ತವೆ. ಹಸಿರು ತಿರುಗಿದ ಗಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಇರುತ್ತದೆ, ಕರಿದರೂ ಹೋಗುವುದಿಲ್ಲ. ಹಸಿರು ಕಂಡಷ್ಟೂ ಜಾಗ ಆಳವಾಗಿ ಕೆತ್ತಿ ತೆಗೆಯಿರಿ, ಪೂರ್ತಿ ಹಸಿರಾಗಿದ್ದರೆ ಎಸೆಯಿರಿ.

ಚೀಲ ಕೊಳ್ಳುವ ಮೊದಲು ಎರಡು ಪರೀಕ್ಷೆ. 11 ಲೋಟ ನೀರಿಗೆ 1 ಲೋಟ ಉಪ್ಪು ಕರಗಿಸಿ ಗಡ್ಡೆ ಬಿಡಿ: ಮುಳುಗಿದರೆ ಪಿಷ್ಟ ಹೆಚ್ಚು, ಕರಿಯಲು ಮತ್ತು ಹಿಸುಕಲು ಯೋಗ್ಯ; ತೇಲಿದರೆ ನೀರು ಹೆಚ್ಚು, ಪಲ್ಯಕ್ಕೆ ಇಟ್ಟುಕೊಳ್ಳಿ. ಆಮೇಲೆ ಒಂದು ಗಡ್ಡೆಯ ನಡುಭಾಗದಿಂದ ನಾಲ್ಕು ತೆಳು ಬಿಲ್ಲೆ ತೆಗೆದು 180 ಡಿಗ್ರಿ ಎಣ್ಣೆಗೆ ಹಾಕಿ. ನೊರೆ ನಿಲ್ಲುವ ಮೊದಲೇ ಕಂದಾದರೆ ಆ ಚೀಲ ಬೇಡ.

ಬಾಂಡ್ಲಿ:

ಮೇಲಿನವ್ರು ಗಡ್ಡಿ ಬಗ್ಗೆ ಹೇಳಿದ್ದು ಸರಿ ಐತಿ. ಕರಿಯೋದು ನಾನು ಹೇಳ್ತೀನಿ. ಬೆಲ್ಜಿಯಂ ಪದ್ಧತಿ, ಎರಡು ಸಲ ಕರಿಯೋದು. ಅವ್ರು ಹಿಂದಿನಿಂದ ದನದ ಕೊಬ್ಬಿನಾಗೆ ಕರಿಯೋದು, ನಿಮಗೆ ಸೂರ್ಯಕಾಂತಿ ಅಥ್ವಾ ರಿಫೈನ್ಡ್ ಶೇಂಗಾ ಎಣ್ಣಿ ಸಾಕು.

5 ಕೆಜಿ ಗಡ್ಡಿ ತಗೊಂಡ್ರೆ ಸಿಪ್ಪಿ, ಮೂಲಿ ತುಂಡು ಹೋಗಿ 4 ಕೆಜಿ ಚಿಲ್ರೆ ಉಳೀತತಿ. 10 ಮಿ.ಮೀ. ಚೌಕಕ್ಕೆ ಹೆಚ್ರಿ, ಎಲ್ಲಾ ಒಂದೇ ದಪ್ಪ ಇರ್ಬೇಕು. ಸಣ್ಣ ಚೂರು ಸೇರಿಸ್ಬ್ಯಾಡ್ರಿ, ಅವು ಕರಕಾಗಿ ಎಣ್ಣಿ ಕೆಡಿಸ್ತಾವು. ಹೆಚ್ಚಿದ್ದನ್ನ ನೀರು ತಿಳಿ ಆಗೋ ತನಕ ಮೂರು ನಾಕು ಸಲ ತೊಳೀರಿ. ಮೇಲಿನ ಪಿಷ್ಟ ಹೋಗ್ಲಿಲ್ಲ ಅಂದ್ರೆ ತುಂಡು ಒಂದಕ್ಕೊಂದು ಅಂಟ್ತಾವು, ಬಣ್ಣಾನೂ ಕಲೆಕಲೆ ಬರ್ತತಿ. ಶೀತಗೃಹದ ಗಡ್ಡಿ ಆದ್ರೆ ಅರ್ಧ ತಾಸು ಉಗುರುಬೆಚ್ಚಗಿನ ನೀರಾಗೆ ನೆನೆಹಾಕ್ರಿ, ಒಂದಷ್ಟು ಸಕ್ರಿ ನೀರಿಗೆ ಬಿಡ್ತತಿ.

ಮುಂದ ಒಂದು ಕುದಿ. 4 ಕೆಜಿ ತುಂಡಿಗೆ 8 ಲೀಟರ್ ನೀರು, 8 ಚಮಚ ವಿನೆಗರ್ (ಊಟದ ಚಮಚ), 100 ಗ್ರಾಂ ಉಪ್ಪು. ನೀರು ಕುದ್ದ ಮೇಲೆ ತುಂಡು ಹಾಕಿ, ಸಣ್ಣ ಕುದಿಯಾಗೆ 7ರಿಂದ 8 ನಿಮಿಷ. ವಿನೆಗರ್ ಹುಳಿಗೆ ಗಡ್ಡಿನ ಗಟ್ಟಿಯಾಗಿ ಹಿಡಿದಿಡೋ ಪೆಕ್ಟಿನ್ ಅನ್ನೋ ಅಂಟು ಕರಗಲ್ಲ, ಅದಕ್ಕೆ ಬೆಂದ್ರೂ ತುಂಡು ಮುರಿಯಲ್ಲ. ವಿನೆಗರ್ ಇಲ್ದೆ ಕುದಿಸಿದ್ರೆ ಸೋಸೋ ಹೊತ್ತಿಗೆ ಪಲ್ಯ ಆಗಿರ್ತತಿ. ಸೋಸಿ, ಬಿಳಿ ಪಂಚಿ ಮೇಲೆ ಹರವಿ 10 ನಿಮಿಷ ಹಬಿ ಹೋಗಾಕ ಬಿಡ್ರಿ. ಇಲ್ಲಿ ಅವಸರ ಮಾಡಬ್ಯಾಡ್ರಿ. ಒದ್ದಿ ತುಂಡು ಎಣ್ಣಿಗೆ ಬಿದ್ರೆ ನೊರೆ ಉಕ್ಕಿ ಒಲಿ ಮೇಲೆ ಬರ್ತತಿ, ಬೆಂಕಿ ಹತ್ತೋ ಅಪಾಯ ಐತಿ. ಬಾಂಡ್ಲಿನ ಅರ್ಧಕ್ಕಿಂತ ಮೇಲೆ ಎಣ್ಣಿ ತುಂಬಲೇಬಾರ್ದು.

ಮೊದಲ್ನೇ ಕರಿತ 150ರಿಂದ 160 ಡಿಗ್ರಿ, 4ರಿಂದ 5 ನಿಮಿಷ. 5 ಲೀಟರ್ ಎಣ್ಣಿಗೆ ಒಂದ್ಸಲಕ್ಕ ಅರ್ಧ ಕೆಜಿ, ಜಾಸ್ತಿ ಹಾಕಿದ್ರೆ ಎಣ್ಣಿ 120ಕ್ಕ ಇಳಿದು ತುಂಡು ಎಣ್ಣಿ ಕುಡೀತತಿ. ಬಣ್ಣ ಬರಬಾರ್ದು, ಮೇಲೆ ತೆಳು ಒಣ ಪದರ ಕಟ್ಟಿದ್ರೆ ಸಾಕು. ತೆಗೆದು ಜಾಲರಿ ಮೇಲೆ ಬಿಡಿಬಿಡಿಯಾಗಿ ಹರವ್ರಿ. ಕಡಿಮಿ ಅಂದ್ರೂ ಅರ್ಧ ತಾಸು ಆರಬೇಕು. ಈ ಹಂತದಾಗೆ ಮೂರು ನಾಕು ತಾಸು ಇಡಬೌದು, ಅಂದ್ರೆ ಬೆಳಿಗ್ಗೆನೇ ಮುಗಿಸಿಡ್ರಿ.

ಎರಡನೇ ಕರಿತ ಗಿರಾಕಿ ಮುಂದೇನೇ: 185ರಿಂದ 190 ಡಿಗ್ರಿ, 2ರಿಂದ 3 ನಿಮಿಷ. ಜಾರದಾಗೆ ಎತ್ತಿ ಕೊಡವಿದ್ರೆ ಕಟಕಟ ಸದ್ದು ಬರ್ಬೇಕು, ಮೆತ್ತಗೆ ಸದ್ದು ಬಂದ್ರೆ ಇನ್ನೂ ಅರ್ಧ ನಿಮಿಷ. ಉಪ್ಪು ಎಣ್ಣಿಯಿಂದ ತೆಗೆದ ಕೂಡ್ಲೆ ಹಾಕ್ರಿ, ಆಗ ಮಾತ್ರ ಹಿಡೀತತಿ. ಬಾಂಡ್ಲಿ ಮೇಲೆ ನಿಂತು ಉದುರಿಸಬ್ಯಾಡ್ರಿ, ಎಣ್ಣಿಗೆ ಉಪ್ಪು ಬಿದ್ರೆ ಬೇಗ ಕೆಡ್ತತಿ.

ಬಿಸಿ ಅಳಿಯೋ ಥರ್ಮಾಮೀಟರ್ ಒಂದು ತಗೊಳ್ಳೋದು ಒಳ್ಳೇದು. ಇಲ್ಲ ಅಂದ್ರೆ ಒಂದು ತುಂಡು ಬಿಟ್ಟು ನೋಡ್ರಿ. ತಳಕ್ಕ ಹೋಗಿ ಸುತ್ತ ಸಣ್ಣ ಗುಳ್ಳಿ ಬಿಟ್ಕೊಂತ ನಿಧಾನ ಮೇಲೆ ಬಂದ್ರೆ 150ರ ಆಸುಪಾಸು. ಬಿದ್ದ ಕೂಡ್ಲೆ ಚರ್ ಅಂತ ತೇಲಿದ್ರೆ 180 ದಾಟಿರ್ತತಿ. ಹೊಗಿ ಬಂತು ಅಂದ್ರೆ ಒಲಿ ಸಣ್ಣ ಮಾಡ್ರಿ.

ಒಂದು ಲೆಕ್ಕ ಹೇಳಿಬಿಡ್ತೀನಿ. ಎರಡನೇ ಕರಿತಕ್ಕ ಒಂದ್ಸಲಕ್ಕ 600 ಗ್ರಾಂ, ಕರಿಯಾಕ 3 ನಿಮಿಷ, ಎಣ್ಣಿ ಮತ್ತೆ ಕಾಯಾಕ 2 ನಿಮಿಷ. ತಾಸಿಗೆ 12 ಸಲ, 7 ಕೆಜಿ ಹಾಕಿದಂಗಾತು, ಅಂದ್ರೆ 60ರಿಂದ 70 ಪ್ಲೇಟ್. ಒಂದು ಬಾಂಡ್ಲಿಯಾಗೆ 300 ಪ್ಲೇಟ್ ಫ್ರಿತ್ ಆಗೋ ಮಾತಲ್ಲ. 100ಕ್ಕ ನಿಲ್ಲಿಸ್ರಿ. ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ್ರೆ ಇಷ್ಟೆಲ್ಲಾ ಮಾಡಿದ್ದೂ ಹಬಿಗೇ ಹೋಗ್ತತಿ. ಕಾಗದದ ಕೋನ್‌ನಾಗೆ, ಬಾಯಿ ತೆರೆದು ಕೊಡ್ರಿ. ಬೆಲ್ಜಿಯಂನವ್ರೂ ಹಂಗೇ ಕೊಡೋದು.

ಕೋಟೆನಾಡು:

ಚಿತ್ರದುರ್ಗದಿಂದ. ಹಂಚು ಖಾಲಿ ಬಿಡಬೇಡಿ, ತುರಿದು ಮಾಡುವ ತಿಂಡಿ ಒಂದಿರಲಿ. ಈ ಜಾತಿಯಲ್ಲಿ ದೇಶಕ್ಕೊಂದು ಹೆಸರಿದೆ, ಆದರೆ ವಿಧಾನ ಎರಡೇ.

ಹಸಿ ಗಡ್ಡೆ ತುರಿದು ಹಿಟ್ಟು, ಮೊಟ್ಟೆ ಕಲಸಿ ತಟ್ಟುವುದು ಒಂದು. ಬೆಲಾರುಸ್‌ನಲ್ಲಿ ದ್ರಾನಿಕಿ, ಉಕ್ರೇನ್‌ನಲ್ಲಿ ದೆರುನಿ, ಜರ್ಮನಿಯಲ್ಲಿ ಕಾರ್ಟೊಫೆಲ್‌ಪುಫರ್ (ರೈನ್ ನದಿಯ ಕಡೆಯವರಿಗೆ ರೈಬೆಕೂಖೆನ್, ಜೊತೆಗೆ ಸೇಬಿನ ಗೊಜ್ಜು), ಸ್ವೀಡನ್‌ನಲ್ಲಿ ರಾಗ್‌ಮುಂಕ್, ಯಹೂದಿಗಳ ಹನುಕ್ಕಾ ಹಬ್ಬಕ್ಕೆ ಲಾಟ್ಕೆ. ಐರ್ಲೆಂಡಿನ ಬಾಕ್ಸ್‌ಟಿಗೆ ಹಸಿ ತುರಿಯ ಜೊತೆ ಬೇಯಿಸಿ ಹಿಸುಕಿದ್ದನ್ನೂ ಸೇರಿಸುತ್ತಾರೆ.

ಇನ್ನೊಂದು ಬೇಯಿಸಿದ ಗಡ್ಡೆ ತುರಿದು, ಏನೂ ಕಲಸದೆ ಬೆಣ್ಣೆಯಲ್ಲಿ ಕಾಯಿಸುವುದು. ಸ್ವಿಟ್ಜರ್ಲೆಂಡಿನ ರೋಸ್ತಿ. ಅಲ್ಲಿ ಹಸಿಯದ್ದನ್ನೇ ತುರಿಯುವವರೂ ಇದ್ದಾರೆ, ಆದರೆ ನಿಮಗೆ ಬೇಯಿಸಿದ್ದೇ ಸರಿ. ಆ ದೇಶದಲ್ಲಿ ಜರ್ಮನ್ ಮಾತಿನವರಿಗೂ ಫ್ರೆಂಚ್ ಮಾತಿನವರಿಗೂ ನಡುವಿನ ಗಡಿಗೆ 'ರೋಸ್ತಿ ಕಂದಕ' ಎಂದೇ ಹೆಸರು, ಅಷ್ಟು ಬಳಕೆಯ ತಿಂಡಿ. ಮೊಟ್ಟೆ ಬೇಡ, ಹಿಟ್ಟು ಬೇಡ, ಬೆಣ್ಣೆ ನಿಮ್ಮೂರಲ್ಲೇ ಇದೆ. ನಾಲ್ಕರಲ್ಲಿ ಇದೊಂದು ಖಂಡಿತ ಇರಲಿ.

ಹಿಂದಿನ ದಿನ ಸಂಜೆ ಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸಿ. ಪೂರ್ತಿ ಬೇಯಬಾರದು, ಚಾಕು ಚುಚ್ಚಿದರೆ ನಡುವೆ ಸ್ವಲ್ಪ ತಡೆ ಇರಬೇಕು. ಕುಕ್ಕರ್ ಬೇಡ, ತೆರೆದ ಪಾತ್ರೆ. ಮಧ್ಯಮ ಗಡ್ಡೆಗೆ 15 ನಿಮಿಷದಿಂದ ನೋಡುತ್ತಾ ಬನ್ನಿ. ಆರಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಫ್ರಿಜ್ ಬೇಡ ಅಂದಿದ್ದು ಹಸಿ ಗಡ್ಡೆಗೆ, ಬೆಂದದ್ದಕ್ಕೆ ಅಲ್ಲ. ತಣಿದಾಗ ಪಿಷ್ಟ ಗಟ್ಟಿಯಾಗುತ್ತದೆ, ಮರುದಿನ ತುರಿದರೆ ಉದ್ದುದ್ದ ಎಳೆ ಬರುತ್ತದೆ. ಬಿಸಿ ಇರುವಾಗ ತುರಿದರೆ ಅಂಟಾಗಿ ಮುದ್ದೆ ಕಟ್ಟುತ್ತದೆ, ಒಳಗೆ ಗಾಳಿ ಆಡುವುದಿಲ್ಲ, ಗರಿ ಬರುವುದಿಲ್ಲ. ದೊಡ್ಡ ತೂತಿನ ತುರಿಮಣೆಯಲ್ಲಿ ತುರಿದು 1 ಕೆಜಿಗೆ 10 ಗ್ರಾಂ ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಬೆರಳ ತುದಿಯಲ್ಲಿ ಬಿಡಿಬಿಡಿಯಾಗಿ ಕಲಸಿ.

ಸ್ವಿಟ್ಜರ್ಲೆಂಡಿನಲ್ಲಿ ಬಾಣಲೆಯ ಅಗಲಕ್ಕೆ ಒಂದೇ ದೊಡ್ಡದು ಮಾಡಿ ತಿರುವಿ ಹಾಕುತ್ತಾರೆ. ಮಳಿಗೆಗೆ 130 ಗ್ರಾಂನ ಚಿಕ್ಕದು ಅನುಕೂಲ, ಒಂದೂವರೆ ಸೆ.ಮೀ. ದಪ್ಪ, ಹಂಚಿಗೆ ಆರು. ಬೆಣ್ಣೆದೋಸೆಯ ಬಿಳಿ ಬೆಣ್ಣೆಯಲ್ಲಿ ನೀರು ಮತ್ತು ಮಜ್ಜಿಗೆಯಂಶ ಇರುತ್ತದೆ. ಮೊದಲೇ ಕಾದ ಹಂಚಿಗೆ ಹಾಕಿದರೆ ನೀರು ಚಟಪಟ ಸಿಡಿದು, ಮಜ್ಜಿಗೆಯಂಶ ಕರಕಾಗಿ ರೋಸ್ತಿಗೆ ಕಪ್ಪು ಚುಕ್ಕೆ, ಕಹಿ ಹಿಡಿಯುತ್ತದೆ. ಅದಕ್ಕೆ ಮೊದಲು ತುಪ್ಪ ಒಂದು ಚಮಚ, ಮಧ್ಯಮಕ್ಕಿಂತ ಸಣ್ಣ ಉರಿ, ಮುಟ್ಟದೆ 6 ನಿಮಿಷ. ಅಂಚು ಹೊನ್ನಾದಾಗ ತಿರುವಿ, ಅಂಚಿನ ಸುತ್ತ ಬೆಣ್ಣೆ 10 ಗ್ರಾಂ ಬಿಟ್ಟು ಇನ್ನು 5 ನಿಮಿಷ. ಬೆಣ್ಣೆ ಕರಗಿ ಎಳೆಗಳ ನಡುವೆ ಇಳಿದು, ನೊರೆ ನಿಂತು, ಕಾಯಿಸಿದ ತುಪ್ಪದ ವಾಸನೆ ಬಂದಾಗ ತೆಗೆಯಿರಿ. ತಿರುವುವಾಗ ಒಡೆದರೆ ಒಂದೋ ಕೆಳಗೆ ಇನ್ನೂ ಗಟ್ಟಿಯಾಗಿಲ್ಲ, ಇಲ್ಲವೇ ಗಡ್ಡೆ ತೇಲುವ ಜಾತಿಯದು. ಎರಡನೆಯದಾದರೆ 1 ಕೆಜಿಗೆ ಎರಡು ಚಮಚ ಅಕ್ಕಿಹಿಟ್ಟು ಸೇರಿಸಿ.

ದ್ರಾನಿಕಿಯೋ ಲಾಟ್ಕೆಯೋ ಬೇಕೇ ಬೇಕೆಂದರೆ ಮೊಟ್ಟೆ ಬದಲು ಅದರದ್ದೇ ಪಿಷ್ಟ ಬಳಸಿ: ಹಸಿ ತುರಿಯನ್ನು ಬಟ್ಟೆಯಲ್ಲಿ ಹಿಂಡಿ, ಆ ನೀರನ್ನು 10 ನಿಮಿಷ ಬಿಟ್ಟು ಮೇಲಿನದು ಚೆಲ್ಲಿದರೆ ತಳದಲ್ಲಿ ಬಿಳಿ ಗಸಿ ಉಳಿಯುತ್ತದೆ, ಅದನ್ನು ವಾಪಸ್ ತುರಿಗೆ ಕಲಸಿ. ಆದರೆ ಹಸಿ ತುರಿ ಗಾಳಿಗೆ ಬೇಗ ಕಪ್ಪಾಗುತ್ತದೆ, ಮೇಳದಲ್ಲಿ ಗಂಟೆಗಟ್ಟಲೆ ಇಡಲಾಗದು.

ಎಣ್ಣೆ ಬಗ್ಗೆ: ನಮ್ಮ ಚಳ್ಳಕೆರೆ ಕಡೆ ಗಾಣದ ಶೇಂಗಾ ಎಣ್ಣೆ ಒಳ್ಳೆಯದು ಸಿಗುತ್ತದೆ, ಒಗ್ಗರಣೆಗೆ ಅದರ ಘಮವೇ ಬೇರೆ. ಆದರೆ 190 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕರಿಯಲು ಅದು ಬೇಡ, ಬೇಗ ಹೊಗೆ, ನೊರೆ ಬರುತ್ತದೆ. ಕರಿಯಲು ರಿಫೈನ್ಡ್. ಶೇಂಗಾ ಎಣ್ಣೆ ಯಾವುದೇ ಇರಲಿ, ಬಳಸಿದರೆ ಬೋರ್ಡ್ ಮೇಲೆ ದೊಡ್ಡದಾಗಿ ಬರೆಯಿರಿ. ಶೇಂಗಾ ಅಲರ್ಜಿ ಇರುವ ಮಕ್ಕಳು ಬರುತ್ತಾರೆ.

ಮಂಡಕ್ಕಿ_ಖಾರ:

ಒಡೆಯೋ ಕ್ರೋಕೆಟ್‌ಗೆ ಬರ್ತೀನಿ. ಬೇಯಿಸಿ ಹಿಸುಕಿ, ಹೊದಿಕೆ ಕೊಟ್ಟು ಕರಿಯೋ ಕುಟುಂಬ ಇದು, ನಮ್ಮ ಬೋಂಡಾನೂ ಇದರಲ್ಲೇ ಬರುತ್ತೆ. ಮುಂಬೈಯಲ್ಲಿ ಬಟಾಟಾ ವಡಾ, ನೇಪಾಳದಲ್ಲಿ ಆಲು ಚಾಪ್, ಬಂಗಾಳ ಮತ್ತು ಬಾಂಗ್ಲಾದೇಶದಲ್ಲಿ ಆಲೂರ್ ಚಾಪ್, ಇಂಡೊನೇಷ್ಯಾದಲ್ಲಿ ಪೆರ್ಕೆಡೆಲ್, ಜಪಾನ್‌ನಲ್ಲಿ ಕೊರೊಕ್ಕೆ. ಪೆರುವಿನ ಪಾಪಾ ರೆಯೆನಾದಲ್ಲಿ ಆಲೂಗಡ್ಡೆಯೇ ಹೊರಗಿನ ಗೋಡೆ, ಒಳಗೆ ಮಾಂಸದ ಹೂರಣ. ಹಾಗಾಗಿ ಅದು ನಿಮಗೆ ಬೇಡ.

ಒಡೆಯೋದಕ್ಕೆ ಕಾರಣ ಒಳಗಿನ ಆವಿ. ಹೂರಣ ಮೊದಲೇ ಬೆಂದಿರೋದ್ರಿಂದ ಹೊದಿಕೆ ಗಟ್ಟಿಯಾಗೋಕೆ 2ರಿಂದ 3 ನಿಮಿಷ ಸಾಕು. ಎಣ್ಣೆ ತಣ್ಣಗಿದ್ದು ಐದಾರು ನಿಮಿಷ ಒಳಗೇ ಇದ್ದರೆ ಹೂರಣ ಕುದಿಯೋಕೆ ಶುರುವಾಗುತ್ತೆ, ಆವಿ ದಾರಿ ಹುಡುಕುತ್ತೆ, ಹೊದಿಕೆಯಲ್ಲಿ ಕೂದಲೆಳೆ ಬಿರುಕಿದ್ದರೂ ಅಲ್ಲಿಂದ ಸಿಡಿಯುತ್ತೆ. ಹಾಗಾಗಿ ಹೂರಣ ಒಣಗಿರಬೇಕು, ಪೂರ್ತಿ ತಣ್ಣಗಿರಬೇಕು, ಹೊದಿಕೆ ಎಲ್ಲೂ ಬಿಡಬಾರದು, ಎಣ್ಣೆ 180 ಇರಬೇಕು.

ಕೊರೊಕ್ಕೆಗೆ 1 ಕೆಜಿ ಗಡ್ಡೆ ಇಡಿಯಾಗಿ ಬೇಯಿಸಿ, ಬಿಸಿ ಇರುವಾಗಲೇ ಸಿಪ್ಪೆ ತೆಗೆದು ಹಿಸುಕಿ. ಹೆಚ್ಚಿ ಬೇಯಿಸಿದರೆ ನೀರು ಕುಡಿದಿರುತ್ತೆ. ಮಿಕ್ಸಿಗೆ ಹಾಕಿದರೆ ಗೋಂದಿನ ಹಾಗೆ ಎಳೆ ಬರುತ್ತೆ, ಹಾಕಲೇಬೇಡಿ. ಹಿಸುಕಿದ್ದನ್ನ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ತಿರುವಿ, ತಳ ಬಿಡೋ ತನಕ. 150 ಗ್ರಾಂ ಈರುಳ್ಳಿ ಬೆಣ್ಣೆಯಲ್ಲಿ ಬಾಡಿಸಿದ್ದು, 12 ಗ್ರಾಂ ಉಪ್ಪು, ಕಾಳುಮೆಣಸು ಸೇರಿಸಿ. 60 ಗ್ರಾಂನ ಮೊಟ್ಟೆಯಾಕಾರದ ಬಿಲ್ಲೆ, ಎರಡು ಸೆ.ಮೀ. ಮೀರದ ದಪ್ಪ. ಒಂದು ಗಂಟೆ ಫ್ರಿಜ್.

ಹೊದಿಕೆಗೆ ಮೊದಲು ಒಣ ಮೈದಾ ತೆಳ್ಳಗೆ. ಮೊಟ್ಟೆ ಬದಲು 100 ಗ್ರಾಂ ಮೈದಾಗೆ 160 ಮಿ.ಲೀ. ನೀರು, ಬೆರಳಿಗೆ ಹತ್ತಿಕೊಳ್ಳೋ ಹದ. ಆಮೇಲೆ ಬ್ರೆಡ್ ಪುಡಿ. ಜಪಾನಿನ ಪಾಂಕೊ ದಪ್ಪ ಚೂರಿನದು. ಬೇಕರಿಯ ಸಿಹಿ ಇಲ್ಲದ ಬ್ರೆಡ್ಡಿನ ಅಂಚು ತೆಗೆದು, ಕೈಯಲ್ಲಿ ಒರಟಾಗಿ ಪುಡಿ ಮಾಡಿ ನೆರಳಲ್ಲಿ ಒಣಗಿಸಿ. ಸಿಹಿ ಬ್ರೆಡ್ ಆದರೆ ಒಂದೇ ನಿಮಿಷಕ್ಕೆ ಕಂದಾಗುತ್ತೆ. ಜೊತೆಗೆ ವೂಸ್ಟರ್ ಜಾತಿಯ ಸಾಸ್ ಕೊಡೋದು ಅಲ್ಲಿನ ಪದ್ಧತಿ, ಆದರೆ ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತೆ. ಬಾಟಲಿ ಮೇಲೆ ಹಸಿರು ಚುಕ್ಕೆ ಇದ್ದರೆ ಮಾತ್ರ ತನ್ನಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ, ದಾವಣಗೆರೆಯ ಮೇಳಕ್ಕೆ ಕೊರೊಕ್ಕೆಗಿಂತ ಆಲೂರ್ ಚಾಪ್ ಮಾಡಿ. ಬಂಗಾಳದಲ್ಲೂ ಬಾಂಗ್ಲಾದೇಶದಲ್ಲೂ ಅದನ್ನ ತಿನ್ನೋದು ಮುಡಿ ಜೊತೆ, ಅಂದ್ರೆ ನಮ್ಮ ಮಂಡಕ್ಕಿ ಜೊತೆ! ಬಾಂಗ್ಲಾದೇಶದಲ್ಲಿ ರಂಜಾನ್ ಇಫ್ತಾರ್ ತಟ್ಟೆಯಲ್ಲಿ ಮಂಡಕ್ಕಿ, ಕಡಲೆ, ಆಲೂರ್ ಚಾಪ್ ಒಟ್ಟಿಗೆ ಇರುತ್ತೆ. ಮಂಡಕ್ಕಿ ಮೆಣಸಿನಕಾಯಿ ತಿನ್ನೋ ಊರಿಗೆ ಇದನ್ನ ವಿವರಿಸೋ ಕಷ್ಟವೇ ಇಲ್ಲ.

ನಮ್ಮ ಬೋಂಡಾಗೂ ಅದಕ್ಕೂ ವ್ಯತ್ಯಾಸ ಎರಡು. ಉಂಡೆ ಅಲ್ಲ, ಚಪ್ಪಟೆ ಬಿಲ್ಲೆ. ಸಾಸಿವೆ ಕರಿಬೇವಿನ ಒಗ್ಗರಣೆ ಇಲ್ಲ, ಬದಲು ಹುರಿದ ಮಸಾಲೆ: ಜೀರಿಗೆ 2 ಚಮಚ, ಕೊತ್ತಂಬರಿ ಬೀಜ 1 ಚಮಚ, ಒಣಮೆಣಸಿನಕಾಯಿ 3, ಎಣ್ಣೆ ಇಲ್ಲದೆ ಹುರಿದು ತರಿತರಿ ಪುಡಿ. ಇದು 1 ಕೆಜಿ ಬೆಂದ ಗಡ್ಡೆಗೆ. ಜೊತೆಗೆ ಶುಂಠಿ 20 ಗ್ರಾಂ, ಹಸಿಮೆಣಸಿನಕಾಯಿ 6, ಹುರಿದ ಶೇಂಗಾ ಒಂದು ಹಿಡಿ. ಹಿಟ್ಟಿಗೆ ಕಡ್ಲೆಹಿಟ್ಟು 250 ಗ್ರಾಂ, ಅಕ್ಕಿಹಿಟ್ಟು 30 ಗ್ರಾಂ, ಉಪ್ಪು, ಅರಿಶಿನ, ಚಿಟಿಕೆ ಸೋಡಾ, 280ರಿಂದ 300 ಮಿ.ಲೀ. ನೀರು. ಸೋಡಾ ಚಿಟಿಕೆ ದಾಟಿದರೆ ಹೊದಿಕೆ ಎಣ್ಣೆ ಕುಡಿಯುತ್ತೆ. ಬಿಲ್ಲೆ ಅದ್ದಿ ಎತ್ತಿದಾಗ ಆಲೂಗಡ್ಡೆ ಕಾಣಬಾರದು. ಕಂಡರೆ ಇನ್ನೊಂದು ಚಮಚ ಹಿಟ್ಟು. ಬೋರ್ಡ್ ಮೇಲೆ 'ಆಲೂರ್ ಚಾಪ್ – ಮುಡಿ, ಬಾಂಗ್ಲಾದೇಶ' ಅಂತ ಬರೀರಿ, ತಟ್ಟೆಗೆ ಒಂದು ಹಿಡಿ ಮಂಡಕ್ಕಿ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ.

ಆಫ್ರಿಕಾದಿಂದ ಒಂದು ಬೇಕಿದ್ದರೆ ಕೀನ್ಯಾ ಕಡೆಯ ವಿಯಾಜಿ ಕರಾಯಿ ಇದೆ. ಬೆಂದ ಆಲೂಗಡ್ಡೆ ತುಂಡನ್ನು ಅರಿಶಿನ ಹಾಕಿದ ಹಿಟ್ಟಲ್ಲಿ ಅದ್ದಿ ಕರಿದು ಹುಣಸೆ ಚಟ್ನಿ ಜೊತೆ ಕೊಡ್ತಾರೆ. ಕರಾಯಿ ಅಂದರೆ ನಮ್ಮ ಕಡಾಯಿಯೇ.

ವಿದ್ಯಾನಗರ_ದಾವಣಗೆರೆ:

ಎಲ್ಲರಿಗೂ ಧನ್ಯವಾದ. ಫ್ರಿತ್, ರೋಸ್ತಿ, ಆಲೂರ್ ಚಾಪ್ ಖಾತ್ರಿ ಆಯ್ತು. ನಾಲ್ಕನೆಯದಕ್ಕೆ ತಂಡದಲ್ಲಿ ಕೆನಡಾದ ಪೂಟಿನ್ (ಫ್ರೈಸ್ ಮೇಲೆ ಚೀಸ್, ಬಿಸಿ ಗ್ರೇವಿ) ಅಂತಿದ್ದಾರೆ, ಚೀಸ್ ಬದಲು ಪನೀರ್ ಹಾಕಬಹುದಾ? ಒಟ್ಟು ಹಂಚಿಕೆ ಹೇಗಿರಲಿ? ಎಣ್ಣೆ ಎಷ್ಟು ಸಲ ಬಳಸಬಹುದು?

ಹಿಟ್ಟು_ನೀರು:

ಪೂಟಿನ್ ಬಿಡಿ. ಕ್ಯೂಬೆಕ್‌ನ ಆ ತಿಂಡಿಗೆ ಬೇಕಾದದ್ದು ಅದೇ ದಿನದ ಚೀಸ್ ಕರ್ಡ್ಸ್ ಎಂಬ ತಾಜಾ ಚೀಸ್ ತುಣುಕು, ಹಲ್ಲಿಗೆ ಕಿರ್ ಅನ್ನುವಂಥದ್ದು. ಬಿಸಿ ಗ್ರೇವಿ ಬಿದ್ದಾಗ ಅದು ಅರ್ಧ ಮೆತ್ತಗಾಗುತ್ತದೆ. ನಮ್ಮ ಪನೀರ್ ಹುಳಿ ಹಿಂಡಿ ಒಡೆಸಿದ್ದು, ಎಷ್ಟು ಬಿಸಿ ತಾಗಿದರೂ ಕರಗುವುದಿಲ್ಲ. ಸಾಲದ್ದಕ್ಕೆ ಅಲ್ಲಿನ ಗ್ರೇವಿ ಸಾಮಾನ್ಯವಾಗಿ ಮಾಂಸದ ಸಾರಿನದು. ಎರಡೂ ಬದಲಿಸಿದ ಮೇಲೆ ಆ ಹೆಸರು ಬರೆಯುವುದು ನ್ಯಾಯವಲ್ಲ.

ಸ್ಪೇನ್‌ನ ಪತಾತಾಸ್ ಬ್ರಾವಾಸ್ ಮಾಡಿ. ಎರಡೂವರೆ ಸೆ.ಮೀ. ತುಂಡು, ಫ್ರಿತ್ ಹಾಗೆಯೇ ವಿನೆಗರ್ ನೀರಲ್ಲಿ 8 ನಿಮಿಷ ಕುದಿಸಿ, 180 ಡಿಗ್ರಿಯಲ್ಲಿ ಒಂದೇ ಸಲ 6ರಿಂದ 7 ನಿಮಿಷ ಕರಿಯಿರಿ. ಸಾಸ್‌ಗೆ ಅಲ್ಲಿ ಪಿಮೆಂತೋನ್ ಎಂಬ ಕೆಂಪುಮೆಣಸಿನ ಪುಡಿ ಬೇಕು. ಬಣ್ಣ ಹೆಚ್ಚು, ಖಾರ ಕಡಿಮೆ. ಅದಕ್ಕೆ ಹತ್ತಿರದ್ದು ನಮ್ಮ ಬ್ಯಾಡಗಿ. ಪಿಮೆಂತೋನ್‌ನ ಕೆಲವು ಬಗೆಗಳ ಹೊಗೆಯ ವಾಸನೆ ಮಾತ್ರ ಬರುವುದಿಲ್ಲ. ಎಣ್ಣೆ 4 ಚಮಚ ಬೆಚ್ಚಗೆ ಮಾಡಿ, ಜಜ್ಜಿದ ಬೆಳ್ಳುಳ್ಳಿ 4 ಎಸಳು, ಮೈದಾ 1 ಚಮಚ ಹುರಿಯಿರಿ. ಒಲೆ ಆರಿಸಿ ಬ್ಯಾಡಗಿ ಪುಡಿ 2 ಚಮಚ ಹಾಕಿ ಕಲಸಿ, ಕೂಡಲೇ 250 ಮಿ.ಲೀ. ತರಕಾರಿ ಬೇಯಿಸಿದ ನೀರು ಹಾಕಿ, ಮತ್ತೆ ಒಲೆ ಹಚ್ಚಿ 5 ನಿಮಿಷ ಕುದಿಸಿ, ಕೊನೆಗೆ ಉಪ್ಪು, ವಿನೆಗರ್ 1 ಚಮಚ. ಒಲೆ ಆರಿಸದೆ ಪುಡಿ ಹಾಕಿದರೆ ಕ್ಷಣದಲ್ಲಿ ಕರಟಿ ಕಹಿಯಾಗುತ್ತದೆ. ಇದು 10ರಿಂದ 12 ಪ್ಲೇಟಿಗೆ. ಟೊಮೆಟೊ ಹಾಕುವವರೂ ಇದ್ದಾರೆ, ಹಾಕದೆಯೂ ಮಾಡುತ್ತಾರೆ. ಸಾಸ್ ಬಡಿಸುವಾಗ ಮಾತ್ರ ಸುರಿಯಿರಿ.

ಬಾಂಡ್ಲಿ:

ಹಂಚಿಕಿ ಹಿಂಗ ಮಾಡ್ರಿ: ಫ್ರಿತ್ 100 ಪ್ಲೇಟ್‌ಗೆ 22 ಕೆಜಿ, ರೋಸ್ತಿ 60ಕ್ಕ 9, ಚಾಪ್ ಪ್ಲೇಟಿಗೆ ಎರಡರಂಗ 70ಕ್ಕ 10, ಬ್ರಾವಾಸ್ 70ಕ್ಕ 9. 50 ಕೆಜಿ ಸರಿ ಆಗ್ತತಿ. ಇರೋದು ಒಂದೇ ಬಾಂಡ್ಲಿ, ಅದಕ್ಕ ಹೊತ್ತು ಹಂಚ್ಕೊಳ್ರಿ. ಮೊದ್ಲು ಫ್ರಿತ್ ಒಂದೂವರಿ ತಾಸು, ಆಮೇಲೆ ಬ್ರಾವಾಸ್, ಕೊನಿಗೆ ಚಾಪ್. ಈ ಸಾಲು ತಿರುವಬ್ಯಾಡ್ರಿ. ಚಾಪ್ ಮೊದ್ಲು ಹಾಕಿದ್ರೆ ಕಡ್ಲೆಹಿಟ್ಟಿನ ಉದುರು ತಳಕ್ಕ ಕೂತು ಕರಕಾಗಿ, ಆಮೇಲೆ ಹಾಕಿದ ಫ್ರಿತ್‌ಗೆಲ್ಲಾ ಕಪ್ಪು ಹತ್ತತತಿ. ರೋಸ್ತಿ ಇನ್ನೊಂದು ಒಲಿ ಮೇಲೆ ಪೂರ್ತಿ ಹೊತ್ತೂ ನಡೀಲಿ.

ಎಣ್ಣಿ ಒಂದು ದಿನದ್ದು ಅದೇ ದಿನ ಮುಗಿಸ್ರಿ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಾಗೆ ಟೋಟಲ್ ಪೋಲಾರ್ ಕಾಂಪೌಂಡ್ (ಎಣ್ಣಿ ಮತ್ತೆ ಮತ್ತೆ ಕಾದು ಕೆಟ್ಟಂಗೆಲ್ಲಾ ಹುಟ್ಟೋ ವಸ್ತು) ನೂರಕ್ಕ 25 ದಾಟಿದ ಎಣ್ಣಿ ಬಳಸಂಗಿಲ್ಲ. ಅಳಿಯೋ ಯಂತ್ರ ನಿಮ್ಮತ್ರ ಇರಲ್ಲ, ಅದಕ್ಕ ಕಣ್ಣಾಗ ನೋಡ್ರಿ: ತುಂಡು ತೆಗೆದ ಮೇಲೂ ಮೇಲೆ ಸಣ್ಣ ನೊರೆ ನಿಂತ್ರೆ, 180ಕ್ಕೇ ಹೊಗಿ ಬಂದ್ರೆ, ಜಾರದಿಂದ ಜಿಗಟಾಗಿ ಇಳಿದ್ರೆ ಮುಗೀತು. ನಡುನಡುವೆ ಜಾಲರಿಯಾಗೆ ಉದುರು ತೆಗೀತಾ ಇರ್ರಿ, ಕಮ್ಮಿ ಆದಷ್ಟು ಹೊಸದು ಸೇರಿಸ್ರಿ, ಒಂದೂವರಿ ಲೀಟರ್ ಹೆಚ್ಚಿಗೆ ತಂದಿಟ್ಕೊಳ್ರಿ. ಉಳಿದದ್ದು ಗಟಾರಕ್ಕ ಸುರೀಬ್ಯಾಡ್ರಿ. ಪೂರ್ತಿ ಆರಿದ ಮೇಲೆ ಕ್ಯಾನಿಗೆ ತುಂಬಿ, ಬಳಸಿದ ಎಣ್ಣಿ ತಗೊಳ್ಳೋರಿಗೆ ಕೊಡ್ರಿ, ಅದರಾಗ ಬಯೋಡೀಸೆಲ್ ಮಾಡ್ತಾರ.